ಫೀಬಿ ಓಡುವ ರೀತಿ

(ಅಭಿನಯ ಕಲಿಯುತ್ತಿರುವ ಹುಡುಗ ಹುಡುಗಿಯರ ಮುಂದೆ ಮಾಡಿದ ಮಾತಿನ ಬರಹ ರೂಪ ಇದು. ಮಾತಿನ ಧಾಟಿಯನ್ನು ಆದಷ್ಟು ಹಾಗೇ ಉಳಿಸಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಎರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಇವತ್ತು ಒಬ್ಬ ಟಿವಿ ನಟಿಯ ಬಗ್ಗೆ, ಅವರು ಹತ್ತು ವರ್ಷ ಮಾಡಿದ ಒಂದು ಪಾತ್ರದ ಬಗ್ಗೆ ಮಾತಾಡುತ್ತೇನೆ. ನಟಿ ಲಿಸಾ ಕುಡ್ರೋ. ಪಾತ್ರ, 'ಫ್ರೆಂಡ್ಸ್' ಧಾರಾವಾಹಿಯ ಫೀಬಿ ಬುಫೇ. ನಿಮ್ಮಲ್ಲಿ ತುಂಬಾ ಜನ ಇದನ್ನು ಮೊಬೈಲಿನಲ್ಲೇ ನೋಡಿರುತ್ತೀರಿ. ನಮಗೆ ಇದು ಸಿಕ್ಕಿದ್ದು ಕೇಬಲ್‌ನ ಇಂಗ್ಲಿಷ್ ಚಾನೆಲ್‌ನಲ್ಲಿ. ಬೆಂಗಳೂರಿನ ಪಿಜಿ, ಹಾಸ್ಟೆಲ್‌ಗಳಲ್ಲಿ ರಾತ್ರಿ ಊಟ ಮುಗಿಸಿ ಇದರ ಮುಂದೆ ಕೂತವರು, ಇಂಗ್ಲಿಷ್ ಮಾತಿನ ಲಯವನ್ನು ಇದರಿಂದಲೇ ಕಲಿತವರು ಎಷ್ಟೋ ಮಂದಿ.

ನೋಡದವರಿಗಾಗಿ ಎರಡು ಮಾತು. ಅಮೆರಿಕದ ಎನ್‌ಬಿಸಿ ಚಾನೆಲ್‌ನಲ್ಲಿ 1994ರ ಸೆಪ್ಟೆಂಬರ್ 22ರಂದು ಶುರುವಾಗಿ 2004ರ ಮೇ 6ರಂದು ಮುಗಿದ ಹಾಸ್ಯ ಧಾರಾವಾಹಿ ಇದು. ಹತ್ತು ಸೀಸನ್, 236 ಕಂತು. ಇದನ್ನು ಹುಟ್ಟುಹಾಕಿದವರು ಡೇವಿಡ್ ಕ್ರೇನ್ ಮತ್ತು ಮಾರ್ಟಾ ಕಾಫ್‌ಮನ್. ನ್ಯೂಯಾರ್ಕಿನಲ್ಲಿರುವ ಆರು ಗೆಳೆಯರು, ಎದುರು ಬದುರು ಮನೆ, ಕೆಳಗೊಂದು ಕಾಫಿ ಅಂಗಡಿ. ರೇಚಲ್, ರಾಸ್, ಚಾಂಡ್ಲರ್, ಜೋಯಿ ಸೇರಿ ಐದು ಜನರಿಗೆ ಅಪ್ಪ, ಅಮ್ಮ, ಹುಟ್ಟಿದ ಮನೆ ಅಂತ ಏನೋ ಒಂದು ಬೆನ್ನ ಹಿಂದೆ ಇದೆ. ಆರನೆಯವಳು ಫೀಬಿ. ಮಸಾಜ್ ಮಾಡುವುದು ಅವಳ ಕೆಲಸ. ಕಾಫಿ ಅಂಗಡಿಯಲ್ಲಿ ಗಿಟಾರ್ ಹಿಡಿದು ತಾನೇ ಕಟ್ಟಿದ ಹಾಡು ಹಾಡುತ್ತಾಳೆ. ಮಾಂಸ ತಿನ್ನುವುದಿಲ್ಲ. ಹಿಂದಿನ ಜನ್ಮಗಳನ್ನು ನಂಬುತ್ತಾಳೆ. ಅನಿಸಿದ್ದನ್ನು ಅನಿಸಿದ ಹಾಗೆಯೇ ಹೇಳಿಬಿಡುತ್ತಾಳೆ.

ಅವಳನ್ನು ಎಲ್ಲರೂ ಚಿಂತೆ ಇಲ್ಲದ ಹುಡುಗಿ ಅಂತಾರೆ. ನನಗೆ ಇದು ಒಪ್ಪಿಗೆ ಇಲ್ಲ. ಆ ಆರು ಜನರಲ್ಲಿ ಚಿಂತೆ ಮಾಡಲು ಫೀಬಿಗೆ ಇರುವಷ್ಟು ಕಾರಣ ಬೇರೆ ಯಾರಿಗೂ ಇಲ್ಲ. ಅವಳ ಸ್ವಚ್ಛಂದ ಸ್ವಭಾವ ಕೈಗೆ ಸುಮ್ನೆ ಸಿಕ್ಕಿದ್ದಲ್ಲ. ಎಲ್ಲ ಕಳೆದುಕೊಂಡ ಮೇಲೆ ಅವಳು ತಾನೇ ಕಟ್ಟಿಕೊಂಡದ್ದು. ಇದನ್ನು ಒಂದು ದಿನವೂ ಉಪದೇಶದ ಹಾಗೆ ಹೇಳದೆ, ನಗಿಸುತ್ತಲೇ ನಮಗೆ ಮುಟ್ಟಿಸಿದವರು ಲಿಸಾ ಕುಡ್ರೋ. ಅದು ಹೇಗೆ ಅನ್ನುವುದೇ ಇವತ್ತಿನ ನನ್ನ ಮಾತು.

ಮೊದಲ ಕಂತನ್ನೇ ತೆಗೆದುಕೊಳ್ಳಿ. ಮದುವೆ ಮಂಟಪದಿಂದ ಓಡಿಬಂದ ರೇಚಲ್ ಮೊದಲ ಸಲ ತನ್ನ ಕಾಲ ಮೇಲೆ ನಿಲ್ಲಬೇಕು, ಹೆದರಿದ್ದಾಳೆ. ಫೀಬಿ ಅವಳಿಗೆ ಧೈರ್ಯ ಹೇಳಲು ಬರುತ್ತಾಳೆ. ತಾನು ಈ ಊರಿಗೆ ಬಂದದ್ದು ಹದಿನಾಲ್ಕನೇ ವಯಸ್ಸಿನಲ್ಲಿ. ಆಗಷ್ಟೇ ಅಮ್ಮ ಆತ್ಮಹತ್ಯೆ ಮಾಡಿಕೊಂಡಿದ್ದಳು. ಮಲತಂದೆ ಮತ್ತೆ ಜೈಲಿಗೆ ಹೋಗಿದ್ದ. ಬಸ್ ನಿಲ್ದಾಣದ ಹೊರಗೆ ಕಾರಿನ ಗಾಜು ಒರೆಸುವವನೊಬ್ಬನ ಜೊತೆ ಇದ್ದಳು, ಅವನೂ ಪ್ರಾಣ ಕಳೆದುಕೊಂಡ. ಆಮೇಲೆ ಅರೋಮಾಥೆರಪಿ, ಅಂದರೆ ಸುಗಂಧ ತೈಲದ ಚಿಕಿತ್ಸೆ, ಸಿಕ್ಕಿತು. ಹಾಗಾಗಿ ನಿನ್ನ ಕಷ್ಟ ನನಗೆ ಚೆನ್ನಾಗಿ ಅರ್ಥವಾಗುತ್ತದೆ ಅಂತ ಮುಗಿಸುತ್ತಾಳೆ.

ಇದನ್ನು ಕಾಗದದ ಮೇಲೆ ಓದಿದರೆ ಕರುಳು ಹಿಂಡುತ್ತದೆ. ನಮ್ಮಲ್ಲಿ ಹೆಚ್ಚಿನ ನಟಿಯರು ಇದಕ್ಕೆ ಎರಡು ದಾರಿ ಹಿಡಿಯುತ್ತಾರೆ. ಒಂದು, ಕಣ್ಣಲ್ಲಿ ನೀರು. ಇನ್ನೊಂದು, ನೋವನ್ನು ಮುಚ್ಚಿಕೊಳ್ಳುವ ನಗು. ಲಿಸಾ ಎರಡನ್ನೂ ಮಾಡುವುದಿಲ್ಲ. ಬಸ್ ತಡವಾಯಿತು ಅಂತ ಹೇಳುವ ಧಾಟಿಯಲ್ಲಿ ಹೇಳಿಬಿಡುತ್ತಾರೆ. ಸಾವಿನ ಮಾತು ಬಂದಾಗ ದನಿ ಇಳಿಯುವುದಿಲ್ಲ, ಎದುರಿನವರ ಮುಖದಲ್ಲಿ ಅಯ್ಯೋ ಪಾಪ ಹುಡುಕುವುದಿಲ್ಲ. ಅವಳ ಪಾಲಿಗೆ ಇದೆಲ್ಲ ನಡೆದುಹೋದ ಸಂಗತಿ. ಈ ಕ್ಷಣದ ಕೆಲಸ ರೇಚಲ್‌ಗೆ ಸಮಾಧಾನ ಹೇಳುವುದು. ಅಷ್ಟೇ. ನಾವು ನಗುತ್ತೇವೆ. ನಕ್ಕ ಮೇಲೆ, ನಾನು ನಕ್ಕಿದ್ದು ಯಾವುದಕ್ಕೆ ಅಂತ ಒಳಗೆ ಏನೋ ಚುಚ್ಚುತ್ತದೆ.

ಈ ನಟಿ ಎಲ್ಲಿಂದ ಬಂದವರು? ಇವರು ಬದುಕಿನಲ್ಲಿ ಫೀಬಿಗೆ ಪೂರ್ತಿ ಉಲ್ಟಾ. 1963ರಲ್ಲಿ ಲಾಸ್ ಏಂಜಲೀಸ್‌ನ ಎನ್ಸಿನೋದಲ್ಲಿ ಹುಟ್ಟಿದವರು. ಅಪ್ಪ ಲೀ ಕುಡ್ರೋ ತಲೆನೋವಿನ ತಜ್ಞ ವೈದ್ಯರು. ಲಿಸಾ ನ್ಯೂಯಾರ್ಕ್ ರಾಜ್ಯದ ವಾಸರ್ ಕಾಲೇಜಿನಲ್ಲಿ ಜೀವಶಾಸ್ತ್ರ ಓದಿದರು. ಮರಳಿ ಬಂದು ವರ್ಷಗಟ್ಟಲೆ ಅಪ್ಪನ ಜೊತೆ ಸಂಶೋಧನೆಯಲ್ಲಿ ಕೆಲಸ ಮಾಡಿದರು. ಎಡಗೈ ಬಳಕೆಗೂ ತಲೆನೋವಿಗೂ ಸಂಬಂಧ ಇದೆಯಾ ಅಂತ ನೋಡಿದ ಒಂದು ಪ್ರಬಂಧದಲ್ಲಿ ಅವರ ಹೆಸರೂ ಇದೆ. ಅದು ಅಚ್ಚಾದದ್ದು 1994ರಲ್ಲಿ, ಅಂದರೆ ಫೀಬಿ ಟಿವಿಗೆ ಬಂದ ವರ್ಷವೇ.

ನಟನೆಗೆ ಬಾ ಅಂತ ಹುರಿದುಂಬಿಸಿದವರು ಅಣ್ಣನ ಗೆಳೆಯ, ಹಾಸ್ಯನಟ ಜಾನ್ ಲೊವಿಟ್ಜ್. ಲಿಸಾ ಲಾಸ್ ಏಂಜಲೀಸ್‌ನ 'ಗ್ರೌಂಡ್‌ಲಿಂಗ್ಸ್' ತಂಡ ಸೇರಿದರು. ಬರೆದ ಮಾತಿಲ್ಲದೆ ವೇದಿಕೆಯ ಮೇಲೇ ಪಾತ್ರ ಕಟ್ಟುವ ಕಲೆಗೆ ಹೆಸರಾದ ತಂಡ ಅದು. ಅಲ್ಲಿ ತಲೆ ಚುರುಕಾಗಿರಬೇಕು, ಕಿವಿ ಅದಕ್ಕಿಂತ ಚುರುಕಾಗಿರಬೇಕು.

1993ರಲ್ಲಿ 'ಫ್ರೇಜರ್' ಅನ್ನುವ ದೊಡ್ಡ ಧಾರಾವಾಹಿಯಲ್ಲಿ ರಾಝ್ ಅನ್ನುವ ಮುಖ್ಯ ಪಾತ್ರ ಸಿಕ್ಕಿತು. ಮೊದಲ ಕಂತಿನ ತಾಲೀಮು ನಡೆಯುವಾಗಲೇ ತೆಗೆದುಹಾಕಿದರು. ಪಾತ್ರ ಪೆರಿ ಗಿಲ್ಪಿನ್ ಅವರ ಪಾಲಾಯಿತು. ಆಗ ನಿರ್ದೇಶಕರ ಕುರ್ಚಿಯಲ್ಲಿ ಇದ್ದವರು ಜೇಮ್ಸ್ ಬರೋಸ್. ಮುಂದೆ 'ಫ್ರೆಂಡ್ಸ್'ನ ಮೊದಲ ಕಂತನ್ನು ನಿರ್ದೇಶಿಸಿದವರೂ ಅವರೇ! ನಿಮ್ಮಲ್ಲಿ ಯಾರಾದರೂ ತಾಲೀಮಿನಿಂದ ಹೊರಗೆ ಬಂದಿದ್ದರೆ ಇದನ್ನು ನೆನಪಿಟ್ಟುಕೊಳ್ಳಿ.

ಆ ಹೊತ್ತಿಗೆ ಕೈಯಲ್ಲಿದ್ದದ್ದು 'ಮ್ಯಾಡ್ ಅಬೌಟ್ ಯೂ' ಧಾರಾವಾಹಿಯಲ್ಲಿ ಉರ್ಸುಲಾ ಅನ್ನುವ ವೇಟ್ರೆಸ್ ಪಾತ್ರ. ಚಿಕ್ಕದು, ಅದೂ ಆಗಾಗ. ಆರ್ಡರ್ ಏನು ಅಂತ ಅವಳ ತಲೆಗೇ ಹೋಗುವುದಿಲ್ಲ. ಆ ಸಣ್ಣ ಪಾತ್ರವೇ ಲಿಸಾ ಅವರನ್ನು 'ಫ್ರೆಂಡ್ಸ್'ಗೆ ತಂದಿತು. ಈಗೊಂದು ತೊಡಕು ಬಂತು ನೋಡಿ. ಎರಡೂ ಧಾರಾವಾಹಿ ಒಂದೇ ಚಾನೆಲ್, ಒಂದೇ ಗುರುವಾರ ರಾತ್ರಿ, ಒಂದರ ಹಿಂದೆ ಒಂದು. ಎರಡೂ ನಡೆಯುವುದು ನ್ಯೂಯಾರ್ಕಿನಲ್ಲಿ. ಒಂದೇ ಮುಖ ಎರಡು ಹೆಸರಲ್ಲಿ ಕಂಡರೆ ಜನ ಏನಂದಾರು? ಬರಹಗಾರರು ಸುಲಭದ ದಾರಿ ಕಂಡುಕೊಂಡರು. ಉರ್ಸುಲಾಳನ್ನು ಫೀಬಿಯ ಅವಳಿ ಮಾಡಿಬಿಟ್ಟರು.

ಅಭಿನಯ ಕಲಿಯುವವರಿಗೆ ಇದಕ್ಕಿಂತ ಒಳ್ಳೆಯ ಪಾಠ ಸಿಗುವುದು ಕಷ್ಟ. 1995ರ ಶುರುವಿನಲ್ಲಿ ಬಂದ ಜೋಡಿ ಕಂತಿನಲ್ಲಿ ಜೋಯಿ ಉರ್ಸುಲಾಳನ್ನು ಪ್ರೀತಿಸುತ್ತಾನೆ. ಅವಳಿಗೆ ಅವನು ಬೇಡವಾಗುತ್ತಾನೆ, ಅದನ್ನು ಹೇಳುವ ಸೌಜನ್ಯವೂ ಅವಳಿಗಿಲ್ಲ. ಗೆಳೆಯ ಒದ್ದಾಡುವುದನ್ನು ನೋಡಲಾಗದೆ ಫೀಬಿ ಅಕ್ಕನ ವೇಷ ಹಾಕಿಕೊಂಡು ಬರುತ್ತಾಳೆ, ಅವನಿಗೆ ನೋವಾಗದ ಹಾಗೆ ಬೀಳ್ಕೊಡುತ್ತಾಳೆ. ಅಂದರೆ ಲಿಸಾ ಈಗ ಫೀಬಿಯಾಗಿ ನಿಂತು ಉರ್ಸುಲಾಳನ್ನು ಅಭಿನಯಿಸಬೇಕು. ಬಟ್ಟೆ ಉರ್ಸುಲಾಳದು, ಕೂದಲು ಉರ್ಸುಲಾಳದು. ಕಣ್ಣು ಮಾತ್ರ ಫೀಬಿಯದು. ಉರ್ಸುಲಾ ಯಾರ ಜೊತೆ ಮಾತಾಡಿದರೂ ಗಮನ ಬೇರೆಲ್ಲೋ ಇರುತ್ತದೆ. ಫೀಬಿ ಎದುರಿನವರನ್ನು ಪೂರ್ತಿ ನೋಡುತ್ತಾಳೆ, ಪೂರ್ತಿ ಕೇಳುತ್ತಾಳೆ. ಜೋಯಿ ಅವಳಿಗೆ ಮುತ್ತು ಕೊಟ್ಟ ತಕ್ಷಣ ಇದು ಫೀಬಿ ಅಂತ ಗುರುತು ಹಿಡಿಯುತ್ತಾನೆ. ಇಬ್ಬರೂ ಮೇಲ್ನೋಟಕ್ಕೆ ಲೋಕದ ಪರಿವೆ ಇಲ್ಲದವರು. ಒಬ್ಬಳಿಗೆ ಯಾರೂ ಬೇಕಿಲ್ಲ. ಇನ್ನೊಬ್ಬಳಿಗೆ ಎಲ್ಲರೂ ಬೇಕು, ಅವರ ಮೆಚ್ಚುಗೆ ಮಾತ್ರ ಬೇಕಿಲ್ಲ. ಸ್ವಚ್ಛಂದದ ಪಾತ್ರ ಮಾಡುವಾಗ ನಾವು ತಿಳಿಯದೆ ಉರ್ಸುಲಾಳನ್ನು ಮಾಡಿಬಿಡುತ್ತೇವೆ. ಆಗ ಪ್ರೇಕ್ಷಕರು ನಗುತ್ತಾರೆ, ಹತ್ತಿರ ಬರುವುದಿಲ್ಲ.

ಈಗ ಆ ಓಟಕ್ಕೆ ಬರೋಣ. ಆರನೇ ಸೀಸನ್, 1999. ರೇಚಲ್ ಮತ್ತು ಫೀಬಿ ಒಂದೇ ಮನೆಯಲ್ಲಿದ್ದಾರೆ, ಸೆಂಟ್ರಲ್ ಪಾರ್ಕಿನಲ್ಲಿ ಓಡಲು ಹೋಗುತ್ತಾರೆ. ರೇಚಲ್ ನೀಟಾಗಿ ಓಡುತ್ತಾಳೆ. ಫೀಬಿ ಕೈ ಒಂದು ಕಡೆ, ಕಾಲು ಒಂದು ಕಡೆ ಎಸೆದುಕೊಂಡು ಓಡುತ್ತಾಳೆ. ರೇಚಲ್‌ಗೆ ನಾಚಿಕೆಯಾಗಿ ನೆಪ ಹೇಳಿ ತಪ್ಪಿಸಿಕೊಳ್ಳುತ್ತಾಳೆ. ವಿಷಯ ಗೊತ್ತಾದಾಗ ಫೀಬಿ ಹೇಳುವುದು ಇಷ್ಟು: ಚಿಕ್ಕವರಿದ್ದಾಗ ನಾವೆಲ್ಲ ಹೀಗೇ ಓಡುತ್ತಿದ್ದೆವು, ಮಜಾ ಇರುತ್ತಿತ್ತು. ನೋಡುವ ಜನ ನಿನಗೆ ಗೊತ್ತಿಲ್ಲದವರು, ಮತ್ತೆ ಸಿಗದವರು, ಅವರ ಚಿಂತೆ ಯಾಕೆ? ಮುಂದೆ ರೇಚಲ್ ಒಬ್ಬಳೇ ಹೋಗಿ ಹಾಗೇ ಓಡಿ ನೋಡುತ್ತಾಳೆ, ಪೊಲೀಸ್ ಕುದುರೆಗೆ ಡಿಕ್ಕಿ ಹೊಡೆಯುತ್ತಾಳೆ, ಆದರೂ ಖುಷಿಯಾಗಿದ್ದಾಳೆ.

ಆ ದೃಶ್ಯವನ್ನು ದನಿ ತೆಗೆದು ಒಮ್ಮೆ ನೋಡಿ. ಮೈ ಎಷ್ಟೇ ಚೆಲ್ಲಾಪಿಲ್ಲಿಯಾದರೂ ಲಿಸಾ ಅವರ ಮುಖ ನಮ್ಮ ಕಡೆ ತಿರುಗಿ, ನಾನು ತಮಾಷೆ ಮಾಡ್ತಿದ್ದೀನಿ ನೋಡಿ ಅನ್ನುವುದಿಲ್ಲ. ಫೀಬಿಗೆ ಅದು ಓಟ, ಅಷ್ಟೇ. ಹಾಸ್ಯ ಮಾಡುವವರಿಗೆ ಇದು ಬಹಳ ಕಷ್ಟದ ಸಂಯಮ. ಪ್ರೇಕ್ಷಕರು ಎದುರಿಗೇ ಕೂತು ನಗುತ್ತಿದ್ದರೆ ಇನ್ನೂ ಕಷ್ಟ. ಈ ಧಾರಾವಾಹಿಯ ಒಳಾಂಗಣ ದೃಶ್ಯಗಳ ಚಿತ್ರೀಕರಣ ನಡೆಯುತ್ತಿದ್ದದ್ದು ಕ್ಯಾಲಿಫೋರ್ನಿಯಾದ ಬರ್ಬ್ಯಾಂಕಿನ ವಾರ್ನರ್ ಬ್ರದರ್ಸ್ ಸ್ಟುಡಿಯೋದಲ್ಲಿ, ಹೆಚ್ಚಾಗಿ ಜನರ ಮುಂದೆಯೇ. ನಗು ಬಂದ ಕಡೆಗೆ ವಾಲುವ ಆಸೆ ನಮ್ಮ ರಂಗಮಂದಿರಗಳಲ್ಲಿ ನಿಂತವರಿಗೆಲ್ಲ ಗೊತ್ತು, ಅಲ್ವಾ?

ಗಿಟಾರ್ ಕಥೆ ಚಿಕ್ಕದು. ಪಾತ್ರಕ್ಕಾಗಿ ಲಿಸಾ ಗಿಟಾರ್ ಪಾಠಕ್ಕೆ ಹೋದರು. ಸುಲಭಕ್ಕೆ ಒಲಿಯಲಿಲ್ಲ. ಫೀಬಿ ಯಾರಿಂದಲೂ ಕಲಿತವಳಲ್ಲ, ಗೊತ್ತಿರುವ ನಾಲ್ಕು ತಂತಿ ಮೀಟಿಕೊಂಡೇ ಹಾಡುತ್ತಾಳೆ ಅಂತ ಅದನ್ನೇ ಪಾತ್ರದ ಗುಣ ಮಾಡಿಕೊಂಡರು. ಗಿಟಾರಿನ ಬೆರಳಿಡುವ ಕ್ರಮಗಳಿಗೆ ಫೀಬಿ ತನ್ನದೇ ಹೆಸರಿಟ್ಟಿದ್ದಾಳೆ, ಒಂದಕ್ಕೆ ಕರಡಿಯ ಉಗುರು, ಇನ್ನೊಂದಕ್ಕೆ ಮುದುಕಿ. ಅವಳ ನಾರುವ ಬೆಕ್ಕಿನ ಹಾಡನ್ನು 2021ರ ಪುನರ್ಮಿಲನ ಕಾರ್ಯಕ್ರಮದಲ್ಲಿ ಲಿಸಾ ಜೊತೆ ಲೇಡಿ ಗಾಗಾ ಹಾಡಿದರು.

1995ರ ಇನ್ನೊಂದು ಕಂತಿನಲ್ಲಿ ಜೀವವಿಕಾಸದ ಜಗಳ ಬರುತ್ತದೆ. ರಾಸ್ ಪಳೆಯುಳಿಕೆಗಳ ವಿಜ್ಞಾನಿ. ಫೀಬಿ ಜೀವವಿಕಾಸ ನಂಬುವುದಿಲ್ಲ ಅಂತಾಳೆ. ಅವನು ಕೆರಳಿ ಪೆಟ್ಟಿಗೆ ತುಂಬಾ ಪಳೆಯುಳಿಕೆ ಹೊತ್ತು ತರುತ್ತಾನೆ. ಅವಳು ಶಾಂತವಾಗಿ ಕೇಳುತ್ತಾಳೆ: ವಿಜ್ಞಾನಿಗಳ ನಂಬಿಕೆ ಹಿಂದೆ ಎಷ್ಟು ಸಲ ಬದಲಾಗಿಲ್ಲ? ನೀನೂ ತಪ್ಪಾಗಿರುವ ಒಂದು ಎಳೆಯಷ್ಟು ಸಾಧ್ಯತೆ ಕೂಡ ಇಲ್ಲವಾ? ಅವನು ಸೋತು, ಇರಬಹುದು ಅಂತಾನೆ. ಅವಳು ಅಲ್ಲಿಗೆ ಬಿಡುವುದಿಲ್ಲ. ಇಷ್ಟು ಬೇಗ ಬಿಟ್ಟುಕೊಟ್ಟೆಯಾ, ನಿನ್ನ ನಂಬಿಕೆಗೆ ನೀನು ಗಟ್ಟಿಯಾಗಿ ನಿಂತಾಗಲಾದರೂ ನನಗೆ ಗೌರವ ಇತ್ತು ಅಂತಾಳೆ. ಪಾಪ, ರಾಸ್ ಪೆಟ್ಟಿಗೆ ಎತ್ತಿಕೊಂಡು ಹೋಗುತ್ತಾನೆ. ಈ ಮಾತುಗಳನ್ನು ಆಡುತ್ತಿರುವವರು ಜೀವಶಾಸ್ತ್ರದ ಪದವೀಧರೆ ಅನ್ನುವುದು ಗೊತ್ತಿದ್ದು ನೋಡಿದರೆ ದೃಶ್ಯದ ಸೊಗಸೇ ಬೇರೆ. ವಿಜ್ಞಾನದ ವಿಷಯದಲ್ಲಿ ನಾನು ಪೂರ್ತಿ ರಾಸ್ ಕಡೆ. ಆದರೆ ಲಿಸಾ ಅವರಿಗೆ ವಿಜ್ಞಾನಿಯ ತರ್ಕ ಎಲ್ಲಿ ಗಟ್ಟಿ, ಎಲ್ಲಿ ಹಮ್ಮಾಗುತ್ತದೆ ಅನ್ನುವುದು ಒಳಗಿನಿಂದ ಗೊತ್ತು. ಅದಕ್ಕೇ ಫೀಬಿ ಅಲ್ಲಿ ದಡ್ಡಿಯಾಗಿ ಕಾಣುವುದಿಲ್ಲ.

ನನಗೆ ಎಲ್ಲಕ್ಕಿಂತ ಹತ್ತಿರದ ಕಂತು ಅಪ್ಪನದು. ಅದೂ 1995ರದೇ, ಕ್ರಿಸ್ಮಸ್ ಹೊತ್ತಿನದು. ಫೀಬಿ ಅಪ್ಪನನ್ನು ನೋಡಿಲ್ಲ. ಮನೆಯಲ್ಲಿರುವ ಫೋಟೋ ತೋರಿಸಿ ಇವನೇ ನಿನ್ನಪ್ಪ ಅಂತ ಹೇಳಿಕೊಂಡು ಬಂದಿದ್ದಾರೆ. ಒಂದು ದಿನ ಗೊತ್ತಾಗುತ್ತದೆ, ಅದು ಅಂಗಡಿಯಲ್ಲಿ ಫೋಟೋ ಫ್ರೇಮು ಕೊಂಡಾಗ ಅದರೊಳಗೇ ಬಂದಿದ್ದ ಚಿತ್ರ. ಅಜ್ಜಿಯಿಂದ ನಿಜವಾದ ಅಪ್ಪನ ವಿಳಾಸ ಪಡೆದು, ಅಜ್ಜಿಯ ಟ್ಯಾಕ್ಸಿಯಲ್ಲಿ ಜೋಯಿ, ಚಾಂಡ್ಲರ್ ಜೊತೆ ಹೊರಡುತ್ತಾಳೆ. ಮನೆ ಮುಂದೆ ಟ್ಯಾಕ್ಸಿ ನಿಲ್ಲಿಸುತ್ತಾಳೆ. ಇಳಿಯುವುದಿಲ್ಲ. ಈ ವಾರ ಈಗಾಗಲೇ ಒಬ್ಬ ಸುಳ್ಳು ಅಪ್ಪನನ್ನು ಕಳೆದುಕೊಂಡಿದ್ದೇನೆ, ನಿಜವಾದವನನ್ನು ಕಳೆದುಕೊಳ್ಳುವಷ್ಟು ಶಕ್ತಿ ಇನ್ನೂ ಬಂದಿಲ್ಲ ಅನ್ನುವ ಅರ್ಥದ ಮಾತು ಹೇಳುತ್ತಾಳೆ. ಲಿಸಾ ಅಲ್ಲಿ ಸ್ಟೀರಿಂಗ್ ಹಿಡಿದು ಕೂತೇ ಇರುತ್ತಾರೆ. ಯಾರಿಗೂ ಹೆದರದ ಫೀಬಿ ಇಲ್ಲಿ ಹೆದರಿದ್ದಾಳೆ, ಹೆದರಿದ್ದೇನೆ ಅಂತ ಗೆಳೆಯರ ಮುಂದೆ ಒಪ್ಪಿಕೊಳ್ಳುತ್ತಾಳೆ. ಅವರೂ ಒತ್ತಾಯ ಮಾಡುವುದಿಲ್ಲ. ಹಾಸ್ಯ ಧಾರಾವಾಹಿಯೊಂದು ಅಪ್ಪ-ಮಗಳನ್ನು ಭೇಟಿ ಮಾಡಿಸದೆ ಆ ಹುಡುಗಿಯನ್ನು ಮನೆಗೆ ವಾಪಸ್ ಕಳಿಸಿತು. ಬರಹಗಾರರಿಗೂ ನನ್ನ ನಮಸ್ಕಾರ.

ಮಕ್ಕಳ ಕಥೆಯನ್ನೂ ಹೇಳಲೇಬೇಕು. ನಾಲ್ಕನೇ ಸೀಸನ್ನಿನ ಹೊತ್ತಿಗೆ ಲಿಸಾ ಬಸುರಿಯಾದರು. ದೊಡ್ಡ ಅಂಗಿ ಹಾಕಿಸಿ, ಮುಂದೆ ಚೀಲ ಹಿಡಿಸಿ ಹೊಟ್ಟೆ ಮುಚ್ಚುವುದು ಟಿವಿಯ ಹಳೇ ಪದ್ಧತಿ. ಇಲ್ಲಿ ಅದನ್ನೇ ಕಥೆ ಮಾಡಿದರು. ಫೀಬಿ ತನ್ನ ತಮ್ಮ ಮತ್ತು ಅವನ ಹೆಂಡತಿಗಾಗಿ ಬಾಡಿಗೆ ತಾಯಿಯಾಗುತ್ತಾಳೆ. ಹಣಕ್ಕಲ್ಲ. ಅವರಿಗೆ ಮಕ್ಕಳಾಗುತ್ತಿಲ್ಲ, ತನ್ನಿಂದ ಆಗುತ್ತದೆ, ಅದಕ್ಕೆ. ಆತ್ಮಹತ್ಯೆ ಮಾಡಿಕೊಂಡವಳು ಸಾಕಿದ ಅಮ್ಮ. ತನ್ನನ್ನು ಹೆತ್ತು ಬೇರೆಯವರಿಗೆ ಕೊಟ್ಟ ತಾಯಿಯನ್ನು ಫೀಬಿ ಆಗಷ್ಟೇ ಕಂಡುಹಿಡಿದಿದ್ದಾಳೆ. ಆ ಪಾತ್ರ ಮಾಡಿದವರು ಟೆರಿ ಗಾರ್. ಮಗುವನ್ನು ಬಿಟ್ಟುಕೊಡುವುದು ಎಂಥ ನೋವು ಅಂತ ಆ ತಾಯಿ ಎಚ್ಚರಿಸುತ್ತಾಳೆ. ಫೀಬಿ ಆದರೂ ಮುಂದುವರಿಯುತ್ತಾಳೆ.

ಲಿಸಾ ಅವರ ಮಗ ಹುಟ್ಟಿದ್ದು 1998ರ ಮೇ ತಿಂಗಳಲ್ಲಿ. ಫೀಬಿ ಮೂರು ಮಕ್ಕಳನ್ನು ಹೆರುವ ನೂರನೇ ಕಂತು ಬಂದದ್ದು ಅದೇ ವರ್ಷದ ಅಕ್ಟೋಬರಿನಲ್ಲಿ. ಮನೆಯಲ್ಲಿ ಹಸುಗೂಸು ಬಿಟ್ಟು ಬಂದ ತಾಯಿ, ಕ್ಯಾಮೆರಾ ಮುಂದೆ ಮೂರು ಕೂಸುಗಳನ್ನು ಬೇರೆಯವರಿಗೆ ಕೊಡುವ ತಾಯಿಯಾಗಬೇಕು. ಹೆರಿಗೆಗೆ ಮುಂಚೆ ಫೀಬಿಗೆ ಒಂದು ಮಗುವನ್ನಾದರೂ ಇಟ್ಟುಕೊಳ್ಳುವ ಆಸೆ ಹುಟ್ಟುತ್ತದೆ. ಆಗಲ್ಲ ಅಂತ ತಿಳಿಯುತ್ತದೆ. ಹೆರಿಗೆಯಾದ ಮೇಲೆ ಮೂವರ ಜೊತೆ ಸ್ವಲ್ಪ ಹೊತ್ತು ತನ್ನನ್ನು ಒಬ್ಬಳೇ ಬಿಡಿ ಅಂತಾಳೆ. ದಿನಾ ನಿಮ್ಮನ್ನು ನೋಡುವ ಹಾಗಿದ್ದಿದ್ದರೆ ಚೆನ್ನಾಗಿತ್ತು, ಪರವಾಗಿಲ್ಲ, ನಿಮಗೆ ಅತಿ ಇಷ್ಟದ ಅತ್ತೆ ನಾನೇ ಆಗ್ತೀನಿ ಅಂತ ಮಾತಾಡಿಸುತ್ತಾಳೆ. ಮಕ್ಕಳು ಅಳುತ್ತವೆ. ಅವಳು, ನೀವು ಅಳುತ್ತಿದ್ದರೆ ನಾನೂ ಅತ್ತುಬಿಡ್ತೀನಿ ಅನ್ನುವ ಹಾಗೆ ನೋಡುತ್ತಾಳೆ. ಮೊದಲ ಕಂತಿನಲ್ಲಿ ಅಮ್ಮನ ಸಾವನ್ನು ಅಷ್ಟು ಹಗುರವಾಗಿ ಹೇಳಿದ ದನಿ ಇಲ್ಲಿ ಮಾತ್ರ ನಡುಗುತ್ತದೆ. ನಾಲ್ಕು ವರ್ಷ ಆ ನಡುಕವನ್ನು ಲಿಸಾ ಖರ್ಚು ಮಾಡದೆ ಇಟ್ಟುಕೊಂಡಿದ್ದರು ಅಂತ ನನಗೆ ಅನಿಸುತ್ತದೆ. ಆ ವರ್ಷವೇ ಅವರಿಗೆ ಅಮೆರಿಕದ ಟಿವಿ ಲೋಕದ ದೊಡ್ಡ ಪ್ರಶಸ್ತಿ ಎಮ್ಮಿ ಬಂತು. ಆ ಆರು ಜನರಲ್ಲಿ ಮೊದಲು ಎಮ್ಮಿ ಪಡೆದವರು ಅವರೇ.

ಧಾರಾವಾಹಿಯ ಬಗ್ಗೆ ನನಗೆ ತಕರಾರೂ ಇದೆ. ಫೀಬಿಯ ಬೀದಿ ಬದುಕನ್ನು ಬರಹಗಾರರು ಎಷ್ಟೋ ಸಲ ಸುಲಭದ ನಗೆಗೆ ಬಳಸಿದರು. ಮಕ್ಕಳು ಬೀದಿಯಲ್ಲಿ ಮಲಗುವುದು ನಗುವ ವಿಷಯವಲ್ಲ, ನ್ಯೂಯಾರ್ಕಿನಲ್ಲೂ ಅಲ್ಲ, ಮೆಜೆಸ್ಟಿಕ್‌ನಲ್ಲೂ ಅಲ್ಲ. ಹೋಗುತ್ತಾ ಹೋಗುತ್ತಾ ಅವಳನ್ನು ಸುಮ್ನೆ ಒಂದು ವಿಚಿತ್ರ ಮಾತು ಆಡಿಸಲು ಕರೆತಂದ ಕಂತುಗಳೂ ಇವೆ. ಅಂಥ ಕಡೆಯಲ್ಲೂ ಲಿಸಾ ಅವಳ ಮರ್ಯಾದೆ ಕಾಯುತ್ತಾರೆ. ಬಡತನ ಕಂಡವಳ ಲೆಕ್ಕಾಚಾರ ಅವಳಲ್ಲಿ ಇದ್ದೇ ಇರುತ್ತದೆ. ಬ್ಯಾಂಕಿನವರು ತಪ್ಪಾಗಿ ಖಾತೆಗೆ ಹಾಕಿದ 500 ಡಾಲರನ್ನು ಅವಳು ಇಟ್ಟುಕೊಳ್ಳುವುದಿಲ್ಲ, ವಾಪಸ್ ಕೊಡಲು ಒದ್ದಾಡುತ್ತಾಳೆ. ಮುಂದೆ ತಂಪು ಪಾನೀಯದಲ್ಲಿ ಹೆಬ್ಬೆರಳು ಸಿಕ್ಕಿ 7,000 ಡಾಲರ್ ಪರಿಹಾರ ಬರುತ್ತದೆ. ಬೀದಿಯಲ್ಲಿ ಪರಿಚಯವಾದ ಗೆಳತಿಯನ್ನು ಅವಳು ಮರೆತಿಲ್ಲ, ಬ್ಯಾಂಕಿನ ಆ ದುಡ್ಡು ಬಂದಾಗ ಅವಳಿಗೆ ನೆನಪಾಗುವುದು ಆ ಗೆಳತಿಯೇ.

ಪ್ರಶ್ನೆಗಳಲ್ಲಿ ಮೊದಲನೆಯದು ಒಬ್ಬ ಹುಡುಗಿಯದು. "ಕೊನೆಗೆ ಫೀಬಿಗೂ ಮದುವೆ ಮಾಡಿಬಿಟ್ಟರಲ್ಲ ಮೇಡಂ, ಅದು ಸೋಲಲ್ವಾ?" ಅಂತ ಕೇಳಿದಳು.

ಈ ಪ್ರಶ್ನೆ ಯಾಕೆ ಬರುತ್ತದೆ ಅಂತ ನನಗೆ ಗೊತ್ತಮ್ಮ. ನಮ್ಮ ಸಂಜೆಯ ಧಾರಾವಾಹಿಗಳಲ್ಲಿ ಚಿನಕುರುಳಿಯಾಗಿ ಶುರುವಾಗುವ ಎಷ್ಟೋ ನಾಯಕಿಯರು ತಾಳಿ ಬಿದ್ದ ಮೇಲೆ ಅಡುಗೆಮನೆಯಲ್ಲಿ ಕಣ್ಣೊರೆಸಿಕೊಳ್ಳುತ್ತಾರೆ. ಫೀಬಿಯದು ಹಾಗಲ್ಲ. ಪಾಲ್ ರಡ್ ಮಾಡಿದ ಮೈಕ್ ಪಾತ್ರಕ್ಕೆ ಮದುವೆಯೇ ಬೇಡ. ಬೇಕು ಅನ್ನುವವಳು ಇವಳು. ನನಗೆ ಸಾಮಾನ್ಯ ಬದುಕು ಅನ್ನುವುದೇ ಸಿಕ್ಕಿಲ್ಲ ಅಂತಾಳೆ. ಅದಕ್ಕಾಗಿ ಪ್ರೀತಿಸಿದವನನ್ನು ಬಿಡಲೂ ತಯಾರಾಗುತ್ತಾಳೆ. ಅವನು ಮನಸ್ಸು ಬದಲಿಸಿ ಕೇಳಿಕೊಂಡು ಬಂದಾಗ ಬೇಡ ಅಂತಾಳೆ. ನನಗೆ ಬೇಕಿದ್ದದ್ದು ಮದುವೆಯ ಪ್ರಸ್ತಾಪ ಅಲ್ಲ, ನಾವು ಎಲ್ಲಿಗೋ ಹೋಗುತ್ತಿದ್ದೇವೆ ಅನ್ನುವ ಭರವಸೆ ಅಂತಾಳೆ. ಮದುವೆ ಆಗುವುದು 2004ರಲ್ಲಿ. ಹಿಮ ಬಿದ್ದು ಊರೆಲ್ಲ ನಿಂತುಹೋಗಿದೆ, ಕಾಫಿ ಅಂಗಡಿಯ ಮುಂದಿನ ಬೀದಿಯಲ್ಲೇ ಮದುವೆ. ಮಲತಂದೆಗೆ ಜೈಲಿನಿಂದ ಬರಲಾಗುವುದಿಲ್ಲ, ಚಾಂಡ್ಲರ್ ಕೈಹಿಡಿದು ಕರೆತರುತ್ತಾನೆ, ಜೋಯಿ ಮಂತ್ರ ಹೇಳುವವನಾಗುತ್ತಾನೆ. ಮೈ ನಡುಗುವ ಚಳಿಯಲ್ಲೂ ಫೀಬಿ ಕೋಟು ಬೇಡ ಅಂತಾಳೆ. ಹೆಸರು ಬದಲಿಸಲು ಕಚೇರಿಗೆ ಹೋದವಳು, ಯಾವ ಹೆಸರು ಬೇಕಾದರೂ ಇಟ್ಟುಕೊಳ್ಳಬಹುದು ಅಂತ ತಿಳಿದು ಒಂದು ರಾಜಕುಮಾರಿಯ ಹೆಸರಿಟ್ಟುಕೊಂಡು ಬರುತ್ತಾಳೆ. ಮದುವೆ ಅವಳನ್ನು ಪಳಗಿಸಿತು ಅಂತ ನನಗಂತೂ ಎಲ್ಲೂ ಕಾಣಲಿಲ್ಲ.

ಎರಡನೇ ಪ್ರಶ್ನೆ, ಫೀಬಿಯ ನಂತರ ಲಿಸಾ ಏನು ಮಾಡಿದರು ಅಂತ.

ತುಂಬಾ ಮಾಡಿದರು. ನೀವು ನೋಡಲೇಬೇಕಾದದ್ದು 'ದಿ ಕಮ್‌ಬ್ಯಾಕ್'. 2005ರಲ್ಲಿ ಅಮೆರಿಕದ ಎಚ್‌ಬಿಒ ಚಾನೆಲ್‌ನಲ್ಲಿ ಬಂತು. ಮೈಕಲ್ ಪ್ಯಾಟ್ರಿಕ್ ಕಿಂಗ್ ಜೊತೆ ಸೇರಿ ಲಿಸಾ ಅವರೇ ಹುಟ್ಟುಹಾಕಿದ್ದು. ಮೊದಲ ಸೀಸನ್ ಆದ ಮೇಲೆ ನಿಂತುಹೋಯಿತು, 2014ರಲ್ಲಿ ಮತ್ತೆ ಬಂತು. ಎರಡೂ ಸಲ ಅವರಿಗೆ ಎಮ್ಮಿ ನಾಮನಿರ್ದೇಶನ ಸಿಕ್ಕಿತು. ಅದರಲ್ಲಿ ಅವರ ಪಾತ್ರ ವ್ಯಾಲರಿ ಚೆರಿಶ್, ಒಂದು ಕಾಲದಲ್ಲಿ ಹೆಸರು ಮಾಡಿ ಈಗ ಮರೆತುಹೋದ ಹಾಸ್ಯ ಧಾರಾವಾಹಿ ನಟಿ. ಅವಳ ಹಿಂದೆ ಮುಂದೆ ರಿಯಾಲಿಟಿ ಶೋ ಕ್ಯಾಮೆರಾಗಳು. ಫೀಬಿಗೆ ನೋಡುವವರ ಪರಿವೆಯೇ ಇಲ್ಲ. ವ್ಯಾಲರಿಗೆ ಅದು ಬಿಟ್ಟರೆ ಬೇರೆ ಉಸಿರಿಲ್ಲ. ಏನಾದರೂ ಎಡವಟ್ಟಾದರೆ ಕೈಯಲ್ಲಿ ಸನ್ನೆ ಮಾಡಿ, ಇದನ್ನು ತೆಗೆದುಬಿಡಿ, ಇನ್ನೊಮ್ಮೆ ಮಾಡ್ತೀನಿ ಅಂತ ಕೇಳಿಕೊಳ್ಳುತ್ತಾಳೆ. ಅವಮಾನ ನುಂಗುವಾಗ ಅವಳ ನಗು ಇನ್ನಷ್ಟು ಅಗಲವಾಗುತ್ತದೆ. ನೋಡಲು ಕಷ್ಟವಾಗುತ್ತದೆ, ಆದರೂ ಬಿಡಬೇಡಿ. ಅದೇ ಮುಖ, ಅದೇ ದನಿ ಇಷ್ಟು ಬೇರೆಯಾಗಲು ಕತ್ತು, ಭುಜ, ಉಸಿರಿನಲ್ಲಿ ಏನೇನು ಬದಲಾಗಿದೆ ಅಂತ ಬರೆದಿಟ್ಟುಕೊಳ್ಳಿ. ಮೊದಲು ವ್ಯಾಲರಿಯನ್ನು ನೋಡಿ. ಆಮೇಲೆ ಆ ಸೆಂಟ್ರಲ್ ಪಾರ್ಕಿನ ಕಂತು ಹಾಕಿ. ಮುಂದಿನ ವಾರದ ತಾಲೀಮಿಗೆ ಬರುವಾಗ ಆ ಪಟ್ಟಿ ತನ್ನಿ, ಕೂತು ಮಾತಾಡೋಣ.